ಸೀರಿ ಚೊಲೋ ಐತ್ರಿ, ಎಷ್ಟು ಬಿತ್ತು?

ನಮ್ಮ ಕಡೆ ಬಟ್ಟೆ ಹೊಗಳುವ ಮಾತು ರೇಟಿಗೆ ಬಂದು ನಿಲ್ಲುತ್ತದೆ. "ಸೀರಿ ಚೊಲೋ ಐತ್ರಿ ಮೇಡಂ, ಎಷ್ಟು ಬಿತ್ತು?" ಬೆಂಗಳೂರಿನಿಂದ ಕೊಪ್ಪಳಕ್ಕೆ ವರ್ಗವಾಗಿ ಬಂದವರಿಗೆ ಇದು ಮೊದಲು ಮುಜುಗರ. ನನ್ನ ಅನುಭವದಲ್ಲಿ ಮಾತ್ರ ರೇಟ್ ಕೇಳುವವರಷ್ಟು ನಿರುಪದ್ರವಿಗಳು ಬೇರೆ ಇಲ್ಲ. ಅವರ ಕಣ್ಣಿರುವುದು ಸೀರೆಯ ಮೇಲೆ, ಉಟ್ಟವರ ಮೇಲಲ್ಲ.

10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು ಎನ್ನುತ್ತದೆ 2013ರ ಕಾಯ್ದೆ. ಅಂಥ ಸಮಿತಿಗಳಲ್ಲಿ ನಾನು ಹೊರಗಿನ ಸದಸ್ಯೆ. ಒಮ್ಮೆ ಒಬ್ಬ ಹುಡುಗಿ ಬಂದು ಕೂತಳು. "ಸರ್ ದಿನಾ ಏನರ ಅಂತಾರ್ರಿ. ಆದ್ರ ಕೆಟ್ಟದ್ದೇನೂ ಅಂದಿಲ್ಲ." ಅಂದದ್ದನ್ನು ಅಂದ ಹಾಗೇ ಬರೆದುಕೊಡು ಎಂದೆ. ಹಾಳೆಯಲ್ಲಿ ಮೂರೇ ಸಾಲು:

"ಡ್ರೆಸ್ ಚೊಲೋ ಐತ್ರಿ."
"ಈ ಬಣ್ಣ ನಿಮಗ ಒಪ್ಪತೈತ್ರಿ."
"ನಿನ್ನೆ ಹಾಕ್ಕೊಂಡಿದ್ದು ಚೊಲೋ ಇತ್ತು, ನಾಳೆ ಅದನ್ನ ಹಾಕ್ಕೊಂಡು ಬಾ."

ಮೂರನೆಯದರಲ್ಲಿ 'ರಿ' ಇಲ್ಲ, ನೋಡಿ. ಮೊದಲ ಸಾಲು ಬಟ್ಟೆಗೆ, ಎರಡನೆಯದು ಅವಳಿಗೆ, ಮೂರನೆಯದು ಹೊಗಳಿಕೆಯೇ ಅಲ್ಲ, ಅಪ್ಪಣೆ. ಅವಳಿಗೆ ಕಸಿವಿಸಿಯಾಗಿದ್ದು ಸುಮ್ನೆ ಅಲ್ಲ. ಕಿವಿಗೆ ಮೊದಲೇ ಗೊತ್ತಾಗಿತ್ತು, ಹೇಳೋಕೆ ಮಾತು ಸಿಕ್ಕಿರಲಿಲ್ಲ ಅಷ್ಟೇ.

ಹಾಗಂತ ಏಕವಚನ ಕೇಳಿದ ಕೂಡಲೇ ಬೆಚ್ಚಬೇಕಿಲ್ಲ. ಕಸ ಗುಡಿಸುವ ಅಜ್ಜಿ "ಏನವ್ವಾ, ಇವತ್ತು ಮದುಮಗಳಾಗಿ ಬಂದೀ" ಎಂದರೆ ಅದು ಪ್ರೀತಿ. ಅವಳು ಎಲ್ಲರಿಗೂ ಹಾಗೇ ಅನ್ನುತ್ತಾಳೆ. ಬಡ್ತಿ, ರಜೆ ಎಲ್ಲಾ ಕೈಯಲ್ಲಿಟ್ಟುಕೊಂಡವರು ಒಬ್ಬಳಿಗೇ, ಯಾರೂ ಇಲ್ಲದಾಗಲೇ ಅಂದರೆ ಲೆಕ್ಕ ಬೇರೆ.

"ನಾನು ಒಳ್ಳೇ ಮನಸ್ಸಿನಿಂದ ಅಂದೆ" ಎಂಬ ಉತ್ತರ ಪ್ರತಿ ವಿಚಾರಣೆಯಲ್ಲೂ ಬರುತ್ತದೆ. ಆದರೆ ಅಂದವರ ಮನಸ್ಸೊಂದನ್ನೇ ನೋಡಿದರೆ ಆಗದು. ಕೇಳಿದವರಿಗೆ ಆ ಮಾತು ಬೇಕಿತ್ತೇ ಎಂಬುದನ್ನೂ ಕಾಯ್ದೆ ಕೇಳುತ್ತದೆ. ಅವಳಿಗೆ ಹೇಳಿದೆ: ಆ ಹಾಳೆಗೆ ತಾರೀಖು ಹಾಕಿಡು. ಇನ್ನೊಮ್ಮೆ ಅಂದರೆ "ಬಟ್ಟಿ ಮಾತು ಬ್ಯಾಡ್ರಿ ಸರ್" ಅನ್ನು. ದೂರು ಕೊಡೋದಾದರೆ ಕೊನೆಯ ಘಟನೆಯಿಂದ 3 ತಿಂಗಳೊಳಗೆ, ಬರವಣಿಗೆಯಲ್ಲಿ.

ಉಲ್ಟಾ ಪ್ರಕರಣವೂ ಇದೆ. ಬಳ್ಳಾರಿಯಲ್ಲಿ ತರಬೇತಿ ಮುಗಿಸಿ ಹೊರಡುವಾಗ ಒಬ್ಬ ಹುಡುಗ ಮೆಲ್ಲಗೆ ಹತ್ತಿರ ಬಂದ. "ಮೇಡಂ, ಜೊತಿಗೆ ಕೆಲಸ ಮಾಡೋರು ನನ್ನ ಜೀನ್ಸ್ ಮಸ್ತ್ ಐತಿ ಅಂದ್ರು. ಏನರ ಅರ್ಥ ಇರ್ತದೇನ್ರಿ?" ಇದು ಜೀನ್ಸ್ ಹೊಲಿಯುವ ಊರು. ಇಲ್ಲಿ ಪ್ಯಾಂಟಿನ ಹೊಲಿಗೆ ನೋಡೋದು ಎಷ್ಟೋ ಮನೆಗಳ ಕಸುಬು.

"ಎಲ್ಲಿ ತಗೊಂಡ್ರಿ ಅಂತ ಕೇಳಿದ್ರಾ?" ಎಂದೆ.

"ಹೌದ್ರಿ. ಅವರ ತಮ್ಮಗ ಬೇಕಂತ."

ಅರ್ಧ ಹೇಳುವಷ್ಟರಲ್ಲೇ ಅವನಿಗೂ ನಗು ಬಂತು.