ಅಪ್‌ಡೇಟ್ ಬರುವ ತನಕ ವಿಮಾನ ನಿಲ್ಲಿಸಬೇಡಿ

ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ ಹುಡುಗರು ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆ ಈಗೀಗ ಒಂದೇ ಆಗಿಬಿಟ್ಟಿದೆ. "ಅಂಕಲ್, ಅಪ್‌ಡೇಟ್ ಯಾವಾಗ ಬರುತ್ತೆ?" ದುಡ್ಡು ಕೊಟ್ಟು ಸಿಮ್ಯುಲೇಟರ್‌ಗೆ ಒಳ್ಳೆಯ ವಿಮಾನದ ಸಾಫ್ಟ್‌ವೇರ್ ತಗೊಂಡಿರುತ್ತಾರೆ. ಅದರಲ್ಲಿ ಒಂದೋ ಎರಡೋ ತಪ್ಪು ಕಂಡಿರುತ್ತದೆ. ಸರಿ ಮಾಡುತ್ತೇವೆ ಎಂದು ತಯಾರಿಸಿದವರೂ ಹೇಳಿರುತ್ತಾರೆ. ಅಲ್ಲಿಗೆ ಇವರು ಹಾರಿಸುವುದನ್ನೇ ನಿಲ್ಲಿಸಿ ಕೂರುತ್ತಾರೆ. ತಿಂಗಳಾಗುತ್ತದೆ, ಎರಡು ತಿಂಗಳಾಗುತ್ತದೆ, ಜಾಯ್‌ಸ್ಟಿಕ್ ಮೇಲೆ ಧೂಳು ಕೂರುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೇ.

ನಾನು ಕೆಲಸ ಮಾಡಿದ್ದು ವಿಮಾನಗಳ ಏವಿಯಾನಿಕ್ಸ್, ಅಂದರೆ ಎಲೆಕ್ಟ್ರಾನಿಕ್ಸ್ ಕಡೆ, ಹ್ಯಾಂಗರ್‌ನಲ್ಲಿ. ನಿವೃತ್ತಿಯಾದ ಮೇಲೆ ಮಡಿಕೇರಿಗೆ ಬಂದು ಸಿಮ್ಯುಲೇಟರ್ ಜೋಡಿಸಿಕೊಡುವುದು, ಕೆಟ್ಟರೆ ನೋಡಿಕೊಡುವುದು ಮಾಡುತ್ತಿದ್ದೇನೆ. ಕೊಡಗಿಗೆ ಏರ್‌ಪೋರ್ಟ್ ಇಲ್ಲ. ವಿಮಾನ ಹತ್ತಬೇಕಾದರೆ ಕಣ್ಣೂರಿಗೋ ಮಂಗಳೂರಿಗೋ ಘಾಟಿ ಇಳಿಯಬೇಕು, ಇಲ್ಲವೇ ಮೈಸೂರು, ಬೆಂಗಳೂರು ಕಡೆ ಹೋಗಬೇಕು. ಆದರೂ ಇಲ್ಲಿ ಹಾರಾಟದ ಹುಚ್ಚು ಕಮ್ಮಿ ಇಲ್ಲ. 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಮಿಸ್ಟೇರ್ ಯುದ್ಧವಿಮಾನದಲ್ಲಿ ಹೋದ ಅಜ್ಜಮಾಡ ದೇವಯ್ಯನವರ ನಾಡು ಇದು. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಎಷ್ಟೋ ತೋಟದ ಮನೆಗಳಲ್ಲಿ ಒಬ್ಬ ಹುಡುಗ ಬೋಯಿಂಗ್‌ನಲ್ಲೋ ಏರ್‌ಬಸ್‌ನಲ್ಲೋ ಕೂತಿರುತ್ತಾನೆ. ಅವನನ್ನು ಕಂಡರೆ ನನಗೆ ಪ್ರೀತಿ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಇವರಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ವಿಷಯ ಒಂದಿದೆ. ತಪ್ಪನ್ನು ಸರಿಪಡಿಸುವುದು ಸಣ್ಣ ಕೆಲಸ. ಅದನ್ನು ಸರಿಪಡಿಸಿದ್ದರಿಂದ ಬೇರೆ ಯಾವುದೂ ಕೆಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ದೊಡ್ಡ ಕೆಲಸ. ತಿಂಗಳುಗಟ್ಟಲೆ ಹಿಡಿಯುವುದು ಈ ಎರಡನೆಯದು.

ಬೋಯಿಂಗ್ 737 ವಿಮಾನವನ್ನೇ ನೋಡೋಣ. 35,000 ಅಡಿಯಿಂದ ಮಂಗಳೂರಿಗೆ ಇಳಿಯುತ್ತಿದ್ದೀರಿ. 10,000 ಅಡಿಗಿಂತ ಕೆಳಗೆ ವೇಗ 250 ನಾಟ್ ದಾಟಬಾರದು ಎಂಬುದು ಸಾಮಾನ್ಯ ಮಿತಿ. ನಿಮ್ಮ ವಿಮಾನ 10,000 ಅಡಿಯಲ್ಲಿ 265 ನಾಟ್ ತೋರಿಸುತ್ತಿದೆ. "ವಿಎನ್‌ಎವಿ ಸರಿ ಇಲ್ಲ ಅಂಕಲ್, ಹದಿನೈದು ನಾಟ್ ಜಾಸ್ತಿ. ಎಲ್ಲೋ ಒಂದು ನಂಬರ್ ಬದಲಿಸಿದರೆ ಆಗುತ್ತೆ, ಅಲ್ವಾ?" ಅನ್ನುತ್ತಾರೆ ಹುಡುಗರು. ವಿಎನ್‌ಎವಿ ಅಂದರೆ ಏರುವ, ಇಳಿಯುವ ದಾರಿ ಮತ್ತು ವೇಗ ನೋಡಿಕೊಳ್ಳುವ ಆಟೋಪೈಲಟ್ ವ್ಯವಸ್ಥೆ.

ಆ ನಂಬರ್ ಎಲ್ಲಿ ಕೂತಿದೆ ನೋಡಿ. ವಿಮಾನದ ದಾರಿ ನೋಡಿಕೊಳ್ಳುವ ಕಂಪ್ಯೂಟರ್ ಎಫ್‌ಎಂಸಿ, ಇಳಿಯುವ ದಾರಿಯನ್ನು ಕೆಳಗಿನಿಂದ ಮೇಲಕ್ಕೆ ಲೆಕ್ಕ ಹಾಕುತ್ತದೆ. ಮೊದಲು ರನ್‌ವೇ ಹತ್ತಿರದ ಪಾಯಿಂಟ್. ಅಲ್ಲಿಂದ ಹಿಂದಕ್ಕೆ ದಾರಿಯಲ್ಲಿ ಗುರುತಿಸಿದ ಒಂದೊಂದೇ ಬಿಂದು, ಅಂದರೆ ವೇಪಾಯಿಂಟ್, ಅದರ ಎತ್ತರದ ಮಿತಿ, ವೇಗದ ಮಿತಿ. ಹೀಗೆ ಹತ್ತುತ್ತಾ ಹೋಗಿ ಕೊನೆಗೆ ಇಳಿಯಲು ಶುರು ಮಾಡಬೇಕಾದ ಜಾಗ, ಟಾಪ್ ಆಫ್ ಡಿಸೆಂಟ್, ಸಿಗುತ್ತದೆ. 10,000 ಅಡಿ ಹತ್ತಿರ ವೇಗ ಇಳಿಸಲು ಸ್ವಲ್ಪ ದೂರ ಬಿಡಬೇಕು. ಅಲ್ಲಿ ವಿಮಾನ ಕೆಳಗಿಳಿಯುವುದನ್ನು ಕಮ್ಮಿ ಮಾಡಿ ವೇಗ ಕಳೆಯುತ್ತದೆ. ಆ ದೂರವನ್ನು ಎರಡು ಮೈಲಿ ಹೆಚ್ಚು ಮಾಡಿದರು ಅನ್ನಿ. ಅದರ ಮೇಲಿನ ದಾರಿಯೆಲ್ಲ ಎರಡು ಮೈಲಿ ಹಿಂದಕ್ಕೆ ಸರಿಯಿತು. ಟಾಪ್ ಆಫ್ ಡಿಸೆಂಟ್ ಮುಂಚೆ ಬಂತು. ಇಂಧನದ ಲೆಕ್ಕ ಬದಲಾಯಿತು, ತಲುಪುವ ಸಮಯ ಬದಲಾಯಿತು. ಮಂಗಳೂರಿನಲ್ಲಿ ಎಲ್ಲ ಚೆನ್ನಾಗಿದೆ. ಆದರೆ ದಾರಿಯ ಮಧ್ಯೆ ಬಿಗಿಯಾದ ಎತ್ತರದ ಮಿತಿ ಇರುವ ಇನ್ನೊಂದು ಏರ್‌ಪೋರ್ಟ್‌ನಲ್ಲಿ, ನಿನ್ನೆವರೆಗೆ ಸರಿಯಾಗಿ ಇಳಿಯುತ್ತಿದ್ದ ವಿಮಾನ ಇವತ್ತು ಸ್ಪೀಡ್ ಬ್ರೇಕ್, ಅಂದರೆ ವೇಗ ಕಳೆಯಲು ರೆಕ್ಕೆಯ ಮೇಲೆ ಏಳುವ ಫಲಕ, ಕೇಳುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ವಿಮಾನ ಭಾರ ಇದ್ದರೆ ಹೆಚ್ಚು ದೂರ ತೇಲುತ್ತದೆ, ಆದ್ದರಿಂದ ಮುಂಚೆಯೇ ಇಳಿಯಲು ಶುರು ಮಾಡಬೇಕು. ಹಿಂದಿನಿಂದ ಗಾಳಿ ಇದ್ದರೂ ಹಾಗೆಯೇ. ಎಂಜಿನ್‌ಗೆ ಮಂಜುಗಡ್ಡೆ ಕಟ್ಟದಂತೆ ತಡೆಯುವ ಆಂಟಿ-ಐಸ್ ಹಾಕಿದರೆ ಐಡಲ್ ಥ್ರಸ್ಟ್, ಅಂದರೆ ಎಂಜಿನ್ ಸುಮ್ಮನೆ ತಿರುಗುವಾಗಿನ ತಳ್ಳುವ ಬಲ, ಏರುತ್ತದೆ, ವಿಮಾನ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಖಾಲಿ ವಿಮಾನ, ತುಂಬಿದ ವಿಮಾನ, ಗಾಳಿ ಇದ್ದಾಗ, ಇಲ್ಲದಾಗ, ಆಂಟಿ-ಐಸ್ ಹಾಕಿದಾಗ, ತೆಗೆದಾಗ, ಇವೆಲ್ಲವನ್ನೂ ನೋಡಬೇಕು. 700, 800, 900 ಎಂದು ಮೂರು ಮಾದರಿ ಇದ್ದರೆ ಮೂರರಲ್ಲೂ ನೋಡಬೇಕು. ಸಮಯವನ್ನು ಬೇಗ ಓಡಿಸುವ ಟೈಮ್ ಆಕ್ಸಲರೇಷನ್ ಹಾಕಿ ಬೇಗ ಮುಗಿಸೋಣ ಅಂದರೆ ಆಟೋಪೈಲಟ್ ಅದರಿಂದಲೇ ತೂಗಾಡಬಹುದು. ಆಗ ಕಂಡ ತಪ್ಪು ವಿಮಾನದ್ದೋ ಆಕ್ಸಲರೇಷನ್‌ದೋ ಗೊತ್ತಾಗುವುದಿಲ್ಲ. ಒಬ್ಬ ಮನುಷ್ಯ ಕುರ್ಚಿಯಲ್ಲಿ ಕೂತು, ಇಳಿಯುವ ಅಷ್ಟೂ ಹೊತ್ತು ನೋಡುತ್ತಾ, ಬರೆದುಕೊಳ್ಳುತ್ತಾ ಹಾರಿಸಲೇಬೇಕು.

ತೋಟದವರಿಗೆ ಇದನ್ನು ಬೇರೆ ರೀತಿ ಹೇಳುತ್ತೇನೆ. ಕಾಫಿ ಹೂವಿಗೆ ನೀರು ಕೊಡುವಾಗ ಸ್ಪ್ರಿಂಕ್ಲರ್ ಲೈನ್‌ಗೆ ಇನ್ನೊಂದು ಜೆಟ್ ಸೇರಿಸಿ ನೋಡಿ. ಸೇರಿಸುವ ಕೆಲಸ ಬೇಗ ಮುಗಿಯುತ್ತದೆ. ಆದರೆ ಲೈನಿನ ತುದಿಯ ಜೆಟ್ ಎಷ್ಟು ದೂರ ಎರಚುತ್ತಿದೆ ಎಂದು ನಡೆದು ಹೋಗಿ ನೋಡದೆ ಯಾರಾದರೂ ಮನೆಗೆ ಬರುತ್ತಾರಾ?

ನಿಜವಾದ ವಿಮಾನಗಳು ಈ ಕಾಯುವಿಕೆಯನ್ನು ಹೇಗೆ ನಿಭಾಯಿಸುತ್ತವೆ ಎಂಬುದು ಈ ಹುಡುಗರಿಗೆ ಗೊತ್ತಿಲ್ಲ. ನಮ್ಮ ಹ್ಯಾಂಗರ್ ಭಾಷೆಯಲ್ಲಿ ದೋಷಕ್ಕೆ ಸ್ನ್ಯಾಗ್ ಅನ್ನುತ್ತೇವೆ. ಪೈಲಟ್ ಟೆಕ್ ಲಾಗ್‌ನಲ್ಲಿ ಸ್ನ್ಯಾಗ್ ಬರೆಯುತ್ತಾರೆ. ಎಲ್ಲ ಸ್ನ್ಯಾಗ್‌ಗೂ ವಿಮಾನ ನಿಲ್ಲಿಸಿದರೆ ಪ್ರಯಾಣಿಕರು ಏರ್‌ಪೋರ್ಟ್‌ನಲ್ಲೇ ಸಂಸಾರ ಹೂಡಬೇಕಾಗುತ್ತದೆ. ಅದಕ್ಕೆ ಮಿನಿಮಮ್ ಎಕ್ವಿಪ್‌ಮೆಂಟ್ ಲಿಸ್ಟ್ ಅಂತ ಇದೆ, ನಾವು ಎಂಇಎಲ್ ಅನ್ನುತ್ತೇವೆ. ಯಾವುದು ಕೆಟ್ಟಿದ್ದರೂ ಹಾರಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನದೊಳಗೆ ಸರಿಮಾಡಬೇಕು ಎಂದು ಅದರಲ್ಲಿ ಇರುತ್ತದೆ. ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10 ದಿನ, ಡಿ ವರ್ಗಕ್ಕೆ 120 ದಿನ. ನೆಲದ ಮೇಲೆ ಕರೆಂಟ್, ಗಾಳಿ ಕೊಡುವ ಬಾಲದ ಸಣ್ಣ ಎಂಜಿನ್ ಎಪಿಯು ಕೆಟ್ಟ ವಿಮಾನವೂ ಷರತ್ತಿನ ಮೇಲೆ ಹಾರುತ್ತದೆ. ಎಂಜಿನ್ ಸ್ಟಾರ್ಟ್ ಮಾಡಲು ನೆಲದ ಮೇಲೆ ಗಾಳಿ ಮತ್ತು ಕರೆಂಟ್ ವ್ಯವಸ್ಥೆ ಮಾಡಿಕೊಳ್ಳಬೇಕು, ಅಷ್ಟೇ.

ಸಾಫ್ಟ್‌ವೇರ್ ವಿಷಯದಲ್ಲೂ ಇದೇ ನಡೆದಿದೆ. 2015ರಲ್ಲಿ ಬೋಯಿಂಗ್ 787ರ ಜನರೇಟರ್ ಕಂಟ್ರೋಲ್ ಯೂನಿಟ್‌ಗಳಲ್ಲಿ ಒಂದು ತಪ್ಪು ಪತ್ತೆಯಾಯಿತು. 248 ದಿನ ಒಂದೇ ಸಮನೆ ಪವರ್ ಆನ್ ಇದ್ದರೆ ಒಳಗಿನ ಕೌಂಟರ್ ತುಂಬಿ ಹರಿಯುತ್ತದೆ, ಎಲ್ಲ ಯೂನಿಟ್‌ಗಳೂ ಒಟ್ಟಿಗೆ ಕೈಕೊಡಬಹುದು. ಹೊಸ ಸಾಫ್ಟ್‌ವೇರ್ ಇನ್ನೂ ತಯಾರಾಗಿರಲಿಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಏನು ಮಾಡಿತು? ನಿಗದಿತ ಅವಧಿಯೊಳಗೆ ವಿಮಾನದ ಪವರ್ ಪೂರ್ತಿ ಆಫ್ ಮಾಡಿ ಆನ್ ಮಾಡಿ ಎಂದು ಆದೇಶ ಕೊಟ್ಟಿತು. ವಿಮಾನಗಳು ಹಾರುತ್ತಲೇ ಇದ್ದವು. ನಿಜವಾದ ಪ್ರಯಾಣಿಕರನ್ನು ಹೊತ್ತ ವಿಮಾನವೇ ಒಂದು ಬದಲಿ ದಾರಿ ಇಟ್ಟುಕೊಂಡು ಅಪ್‌ಡೇಟ್‌ಗೆ ಕಾಯುತ್ತದೆ. ನಿಮ್ಮ ಟೇಬಲ್ ಮೇಲಿನ 737 ಹದಿನೈದು ನಾಟ್‌ಗೆ ಯಾಕೆ ನಿಲ್ಲಬೇಕು? 12,000 ಅಡಿಯಲ್ಲಿ ಸ್ಪೀಡ್ ಬ್ರೇಕ್ ಸ್ವಲ್ಪ ಎಳೆಯಿರಿ. ಆಯಿತು.

ವಿರಾಜಪೇಟೆ ಕಡೆ ಒಬ್ಬ ನಿವೃತ್ತ ಮೇಜರ್ ಇದ್ದಾರೆ. ಕಾಫಿ, ಮೆಣಸು ನೋಡಿಕೊಂಡು, ಸಂಜೆ ಮೇಲೆ ಕಣ್ಣೂರಿಂದ ದೆಹಲಿಗೆ ಹಾರಿಸುತ್ತಾರೆ. ಅವರ ಕಂಪ್ಯೂಟರ್ ಪಕ್ಕ ಹಳೆಯ ಉದ್ದ ರಿಜಿಸ್ಟರ್ ಒಂದಿದೆ, ಹಿಂದೆ ತೋಟದ ಆಳುಗಳ ಹಾಜರಿ ಬರೆಯುತ್ತಿದ್ದದ್ದು. ಉಳಿದ ಹಾಳೆಗಳಲ್ಲಿ ಈಗ ಸ್ನ್ಯಾಗ್ ಬರೆಯುತ್ತಾರೆ. ಎಡಗಡೆ ಕೆಂಪು ಶಾಯಿಯಲ್ಲಿ ಏನಾಯಿತು, ಎಷ್ಟು ಎತ್ತರ, ಎಷ್ಟು ವೇಗ, ವಿಮಾನದ ತೂಕ, ಯಾವ ವರ್ಶನ್. ಬಲಗಡೆ ನೀಲಿ ಶಾಯಿಯಲ್ಲಿ ತಾವು ಹೇಗೆ ಸುಧಾರಿಸಿಕೊಂಡರು ಎಂಬುದು. ಒಂದು ಸಲ ಕೇಳಿದೆ, "ಸರ್, ಅಪ್‌ಡೇಟ್ ಲೇಟ್ ಆಯ್ತು ಅಂತ ಬೇಜಾರಿಲ್ವಾ?" "ಏನಪ್ಪಾ ಇದು, ನಾನು ಸರ್ವೀಸ್‌ನಲ್ಲಿದ್ದಾಗ ಜೀಪಿನ ಸ್ಪೇರ್ ಪಾರ್ಟ್‌ಗೆ ಇದಕ್ಕಿಂತ ಜಾಸ್ತಿ ಕಾದಿದ್ದೇನೆ. ಗಾಡಿ ಓಡಿಸೋದು ನಿಲ್ಲಿಸಿದ್ವಾ?" ಅಂದರು.

ಅಂತಹ ರಿಜಿಸ್ಟರ್‌ನ ಒಂದು ಸಾಲಿಗೆ ಎಷ್ಟು ಬೆಲೆ ಇದೆ ಗೊತ್ತಾ? "ವಿಎನ್‌ಎವಿ ಕೆಟ್ಟಿದೆ, ಬೇಗ ಸರಿಮಾಡಿ" ಎಂದು ಬರೆದರೆ ತಯಾರಿಸುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ತೂಕ ಇಷ್ಟು, ಗಾಳಿ ಇಷ್ಟು, ಈ ಅರೈವಲ್ (ಇಳಿಯುವ ನಿಗದಿತ ದಾರಿ), ಈ ವೇಪಾಯಿಂಟ್ ದಾಟಿದ ಮೇಲೆ ಹೀಗಾಯಿತು, ಇನ್ನೊಮ್ಮೆ ಹಾರಿಸಿದಾಗಲೂ ಹೀಗೇ ಆಯಿತು ಎಂದು ಬರೆದರೆ ಅವರು ತಮ್ಮ ಕಂಪ್ಯೂಟರ್‌ನಲ್ಲಿ ಅದೇ ತಪ್ಪನ್ನು ಮತ್ತೆ ಬರಿಸಬಲ್ಲರು. ಮತ್ತೆ ಬರಿಸಲಾಗದ ಸ್ನ್ಯಾಗ್ ಹಿಡಿಯುವ ಕಷ್ಟ ಹ್ಯಾಂಗರ್‌ನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ.

ಕಾಯುವವರು ಸುಮ್ನೆ ಕೂತರೆ ಹೇಗೋ ಸಹಿಸಬಹುದು. ಕೆಲವರು ಕೈ ಹಾಕುತ್ತಾರೆ. ಪೊನ್ನಂಪೇಟೆ ಕಡೆಯ ಎಂಜಿನಿಯರಿಂಗ್ ಓದುವ ಹುಡುಗ ಒಬ್ಬ ಕಂಪ್ಯೂಟರ್ ಹೊತ್ತುಕೊಂಡು ಬಂದ. ವಿಮಾನ ಲೋಡ್ ಆಗುತ್ತದೆ, ಸ್ಕ್ರೀನ್‌ಗಳೆಲ್ಲ ಕಪ್ಪು. ಹೊರಗಿನಿಂದ ತಂದ ವಿಮಾನಗಳನ್ನು ಹಾಕುವ ಕಮ್ಯುನಿಟಿ ಫೋಲ್ಡರ್ ತೆರೆದು ನೋಡಿದರೆ ಅದೇ ವಿಮಾನ ಎರಡು ಕಡೆ ಇದೆ. ಒಂದು ಹಳೆಯದು, ಬ್ಯಾಕಪ್ ಎಂದು ಹೆಸರು ಬದಲಿಸಿ ಅಲ್ಲೇ ಇಟ್ಟದ್ದು. ಹೆಸರು ಬದಲಿಸಿದರೆ ಸಿಮ್‌ಗೆ, ಅಂದರೆ ಸಿಮ್ಯುಲೇಟರ್‌ಗೆ, ಏನೂ ವ್ಯತ್ಯಾಸ ಇಲ್ಲ, ಫೋಲ್ಡರ್ ಒಳಗಿರುವುದನ್ನೆಲ್ಲ ಅದು ಓದುತ್ತದೆ. ಇನ್ನೊಂದು ಹೊಸದು, ಆದರೆ ಅರ್ಧ. ಇನ್‌ಸ್ಟಾಲ್ ಆಗುವಾಗ ಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿತ್ತಂತೆ. ಅದರ ಮೇಲೆ ಯಾರೋ ಕೊಟ್ಟ, ಹಿಂದಿನ ವರ್ಶನ್‌ಗೆ ಮಾಡಿದ ಫೈಲುಗಳು ಬೇರೆ. "ಅಪ್‌ಡೇಟ್ ಲೇಟ್ ಆಯ್ತಲ್ಲ ಅಂಕಲ್, ಅದಕ್ಕೆ ನಾನೇ ಸರಿ ಮಾಡೋಕೆ ಹೋದೆ" ಅಂದ. ಬೈಯಲು ಮನಸ್ಸು ಬರಲಿಲ್ಲ. ಅವನಿಗೆ ಆ ವಿಮಾನದ ಮೇಲೆ ಅಷ್ಟು ಆಸೆ. ಎಲ್ಲ ತೆಗೆದು, ಪೂರ್ತಿ ಅಳಿಸಿ, ಹೊಸದಾಗಿ ಹಾಕಿದ ಮೇಲೆ ಹಾರಿತು. ಬ್ಯಾಕಪ್ ಬೇಕಿದ್ದರೆ ಬೇರೆ ಡ್ರೈವ್‌ನಲ್ಲಿ ಇಡಿ. ಯುಪಿಎಸ್ ಇಲ್ಲದೆ ಮಳೆಗಾಲದಲ್ಲಿ ದೊಡ್ಡ ಇನ್‌ಸ್ಟಾಲ್ ಶುರು ಮಾಡಬೇಡಿ.

ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಅಪ್‌ಡೇಟ್ ಅಂದರೆ ಒಂದೇ ಅಲ್ಲ. ಸಿಮ್‌ನ ಅಪ್‌ಡೇಟ್ ಬೇರೆ, ವಿಮಾನದ್ದು ಬೇರೆ, ಗ್ರಾಫಿಕ್ಸ್ ಡ್ರೈವರ್‌ದು ಬೇರೆ, ನ್ಯಾವಿಗೇಶನ್ ಡೇಟಾದ್ದು ಬೇರೆ. ಈ ಕೊನೆಯದು ಏರಾಕ್ ಎಂಬ ಅಂತರರಾಷ್ಟ್ರೀಯ ವೇಳಾಪಟ್ಟಿಯ ಲೆಕ್ಕದಲ್ಲಿ 28 ದಿನಕ್ಕೊಮ್ಮೆ ಬದಲಾಗುತ್ತದೆ, ಇಡೀ ಜಗತ್ತಿಗೆ ಒಂದೇ ದಿನ. ಹೊಸ ಚಾರ್ಟ್ ನೋಡಿಕೊಂಡು ಹಳೆಯ ಡೇಟಾದಲ್ಲಿ ಹಾರಿಸಿದರೆ ಚಾರ್ಟ್‌ನಲ್ಲಿರುವ ವೇಪಾಯಿಂಟ್ ಎಫ್‌ಎಂಸಿಯಲ್ಲಿ ಸಿಗದೇ ಹೋಗಬಹುದು. ಅದು ವಿಮಾನದ ತಪ್ಪಲ್ಲ, ವಿಮಾನದ ಯಾವ ಅಪ್‌ಡೇಟ್ ಬಂದರೂ ಅದು ಸರಿಹೋಗುವುದಿಲ್ಲ. ಈ ನಾಲ್ಕರಲ್ಲಿ ಒಂದು ದಿನಕ್ಕೆ ಒಂದನ್ನೇ ಬದಲಿಸಿ, ಒಂದು ಹಾರಾಟ ಮುಗಿಸಿ, ಆಮೇಲೆ ಮುಂದಿನದು. ನಾಲ್ಕನ್ನೂ ಒಟ್ಟಿಗೆ ಹಾಕಿ ಏನೋ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ನಾನೂ ಹೇಳಲಾರೆ.

ಸಿಮ್ ಬದಲಾದಾಗ ವಿಮಾನ ತಯಾರಿಸುವವರ ಕೆಲಸ ಮತ್ತೆ ಮೊದಲಿಂದ ಶುರುವಾಗುತ್ತದೆ. ಮೈಕ್ರೋಸಾಫ್ಟ್‌ನ ಸಿಮ್ಯುಲೇಟರ್ 2020ರ ಆಗಸ್ಟ್‌ನಲ್ಲಿ ಬಂತು, ಅದರ ಮುಂದಿನದು 2024ರ ನವೆಂಬರ್‌ನಲ್ಲಿ. ಹಳೆಯದರಲ್ಲಿ ಪಳಗಿದ ದೊಡ್ಡ ವಿಮಾನಗಳನ್ನು ಹೊಸದಕ್ಕೆ ಹೊಂದಿಸಲು ತಿಂಗಳುಗಳೇ ಹಿಡಿದವು. ಹೊಸ ಸಿಮ್ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಇಷ್ಟದ ವಿಮಾನ ಅದರಲ್ಲಿ ಚೆನ್ನಾಗಿ ಹಾರುವ ತನಕ ಹಳೆಯ ಸಿಮ್ ಅಳಿಸಬೇಡಿ. ಬೀಟಾ ಸೇರಲೂ ಆತುರ ಬೇಡ. ಬೀಟಾ ಅಂದರೆ ಪರೀಕ್ಷೆ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡ ಹಾಗೆ. ಬರೆದು ಕಳಿಸುವ ತಾಳ್ಮೆ ಇದ್ದವರು ಸೇರಲಿ.

ಎಲ್ಲ ತಯಾರಕರೂ ಪ್ರಾಮಾಣಿಕರು ಅಂತ ನಾನು ಹೇಳುತ್ತಿಲ್ಲ. ಮುಗಿಯದ ವಿಮಾನ ಮಾರಿ, ಆಮೇಲೆ ಆ ಕಡೆ ತಿರುಗಿ ನೋಡದವರೂ ಇದ್ದಾರೆ. ಆದ್ದರಿಂದ ಮುಂದೆ ಬರುತ್ತದೆ ಅನ್ನುವ ಸೌಲಭ್ಯ ನಂಬಿ ದುಡ್ಡು ಕೊಡಬೇಡಿ. ಇವತ್ತು ಅದರಲ್ಲಿ ಏನಿದೆಯೋ ಅಷ್ಟಕ್ಕೆ ಬೆಲೆ ಸರಿ ಅನ್ನಿಸಿದರೆ ಮಾತ್ರ ತಗೊಳ್ಳಿ. ಹಳೆಯ ಅಪ್‌ಡೇಟ್‌ಗಳ ಪಟ್ಟಿ ಓದಿ. ಏನು ಸರಿಪಡಿಸಿದರು, ಏನು ಇನ್ನೂ ಬಾಕಿ ಇದೆ ಎಂದು ಬಿಡಿಸಿ ಬರೆಯುವವರು ಸಾಮಾನ್ಯವಾಗಿ ಕೆಲಸವನ್ನೂ ಹಾಗೇ ಮಾಡುತ್ತಾರೆ. ದಿನಾಂಕ ಹೇಳದಿದ್ದರೆ ಕೋಪ ಮಾಡಿಕೊಳ್ಳಬೇಡಿ. ಪರೀಕ್ಷೆಯಲ್ಲಿ ಏನು ಸಿಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಪರೀಕ್ಷೆಯೇ ಬೇಕಿರಲಿಲ್ಲ.

ಕೊನೆಗೂ ಅಪ್‌ಡೇಟ್ ಬಂದ ದಿನದ ಬಗ್ಗೆ ಒಂದು ಮಾತು, ಯಾಕೆಂದರೆ ಅವತ್ತೇ ನನ್ನ ಫೋನ್ ಜಾಸ್ತಿ ಹೊಡೆದುಕೊಳ್ಳುತ್ತದೆ. ಮೊದಲ ಸಲ ಲೋಡ್ ಆಗುವಾಗ ಈ ವಿಮಾನಗಳು ತುಂಬಾ ಹೊತ್ತು ತಗೊಳ್ಳಬಹುದು. ವಿಮಾನದ ಒಳಗಿನ ಕೋಡನ್ನು ಸಿಮ್ ನಿಮ್ಮ ಕಂಪ್ಯೂಟರ್‌ಗೆ ಹೊಂದುವಂತೆ ಹೊಸದಾಗಿ ಕಂಪೈಲ್ ಮಾಡಿ ಇಟ್ಟುಕೊಳ್ಳುತ್ತದೆ. ಸ್ಕ್ರೀನ್ ಅಲುಗಾಡುವುದಿಲ್ಲ, ಪಟ್ಟಿ ಮುಂದೆ ಹೋಗುವುದಿಲ್ಲ. ಹ್ಯಾಂಗ್ ಆಯಿತು ಎಂದು ಟಾಸ್ಕ್ ಮ್ಯಾನೇಜರ್‌ನಲ್ಲಿ ಕೊಂದರೆ ಆ ಕೆಲಸ ಅರ್ಧಕ್ಕೆ ನಿಂತು ಮತ್ತೆ ಮೊದಲಿಂದ ಆಗಬೇಕಾಗುತ್ತದೆ. ಎದ್ದು ಹೋಗಿ ಕಾಫಿ ಮಾಡಿಕೊಂಡು ಬನ್ನಿ. ಎರಡನೆಯ ಸಲದಿಂದ ಬೇಗ ತೆರೆಯುತ್ತದೆ. ಆಗಲೂ ತೆರೆಯದಿದ್ದರೆ ನನಗೆ ಫೋನ್ ಮಾಡಿ. ಕಂಪ್ಯೂಟರ್ ತರುವಾಗ ವರ್ಶನ್ ನಂಬರ್, ಸ್ನ್ಯಾಗ್ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿ.