ಉಂಡ ಮನೆ ಎರಡಾದಾಗ

ಒಪಿಡಿ ಚೀಟಿಯ ಮೊದಲ ಸಾಲು ಹೆಸರಿನದು. ಅವರ ಪೆನ್ನು ಅಲ್ಲೇ ನಿಂತಿತು. ಒಂದು ಅಕ್ಷರ ಬರೆದರು, ಹೊಡೆದುಹಾಕಿದರು, ಇನ್ನೊಂದು ಬರೆದರು. ಮಂಗಳೂರಿನ ನನ್ನ ಕ್ಲಿನಿಕ್ಕಿನಲ್ಲಿ ಬೇರೆ ಹೆಸರು ಬರೆಯುವವರು ಎಷ್ಟೋ ಜನ ಇದ್ದಾರೆ. ಮನೋವೈದ್ಯರ ಹತ್ತಿರ ಬಂದದ್ದು ಊರಿಗೆ ಗೊತ್ತಾಗಬಾರದು ಅಂತ ಹಾಗೆ ಮಾಡುತ್ತಾರೆ. ಇವರು ಏನನ್ನೂ ಮುಚ್ಚಿಡಲು ಹೊರಟಿರಲಿಲ್ಲ. ತಮ್ಮ ಹೆಸರು ಯಾವುದು ಅಂತ ಅವರ ಕೈಗೇ ಒಂದು ಗಳಿಗೆ ನೆನಪಾಗಲಿಲ್ಲ.

ಸುಮಾರು ಐವತ್ತು ವರ್ಷದ ಮನುಷ್ಯ. ಪೊಲೀಸ್ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದು ಊರಿಗೆ ಬಂದಿದ್ದರು. ಹಿಂದೆ ಬೇರೊಂದು ರಾಜ್ಯದ ಕರಾವಳಿಯಲ್ಲಿ ಮೂರು ವರ್ಷಕ್ಕಿಂತ ಜಾಸ್ತಿ ಕಾಲ, ಗುಟ್ಟಾಗಿ ಮಾಹಿತಿ ತರುವ ಡ್ಯೂಟಿಯ ಮೇಲೆ, ಒಂದು ಉಗ್ರವಾದಿ ಗುಂಪಿನೊಳಗೆ ಅವರಲ್ಲೊಬ್ಬರಾಗಿ ಬದುಕಿದ್ದರು. ಯಾವ ಗುಂಪು, ಯಾವ ಬಣ್ಣ ಅಂತ ನಾನಿಲ್ಲಿ ಬರೆಯುವುದಿಲ್ಲ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

"ಇದನ್ನೆಲ್ಲ ಫೈಲಲ್ಲಿ ಬರೀತೀರಾ ಡಾಕ್ಟ್ರೇ?" ಅಂತಲೇ ಅವರು ಮಾತು ಶುರು ಮಾಡಿದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ರೋಗಿಯ ವಿವರವನ್ನು ಗುಟ್ಟಾಗಿ ಇಡುವುದು ನನ್ನ ಕರ್ತವ್ಯ. ಜೀವಕ್ಕೆ ಅಪಾಯ, ಕೋರ್ಟಿನ ಆದೇಶದಂಥ ಕೆಲವೇ ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ವಿನಾಯಿತಿ. ಅದನ್ನು ಹೇಳಿದೆ. ಅವರು ತಲೆ ಆಡಿಸಿದರು, ನಂಬಿದ ಹಾಗೆ ಕಾಣಲಿಲ್ಲ. ಕುರ್ಚಿಯನ್ನು ಬಾಗಿಲು ಕಾಣುವ ಹಾಗೆ ತಿರುಗಿಸಿಕೊಂಡು ಕೂತರು.

ಜೊತೆಗೆ ಬಂದ ಹೆಂಡತಿಯ ದೂರು ಬೇರೆಯೇ ಇತ್ತು. "ಬಂಗುಡೆ ಪುಳಿಮುಂಚಿ ಮಾಡಿದ್ರೆ ಊಟದಿಂದ ಎದ್ದು ಹೋಗ್ತಾರೆ. ಮೊದಲು ಅದಿಲ್ಲದೆ ಅನ್ನ ಇಳೀತಿರ್ಲಿಲ್ಲ."

ಆ ಬಂಗುಡೆ ಮೀನಿನ ಹುಳಿ ಸಾರಿನ ಹಿಂದೆ ಏನುಂಟು ಅಂತ ಗೊತ್ತಾಗಲು ನಾಲ್ಕು ಭೇಟಿ ಬೇಕಾಯಿತು. ಗುಂಪಿನಲ್ಲಿ ಒಬ್ಬ ಹುಡುಗನಿದ್ದ. ಇವರನ್ನು "ಅಣ್ಣ" ಅನ್ನುತ್ತಿದ್ದ. ಇವರಿಗೆ ಜ್ವರ ಬಂದಾಗ ತನ್ನ ಮನೆಯಲ್ಲಿ ಮಲಗಿಸಿಕೊಂಡ. ಆ ಹುಡುಗನ ಅಮ್ಮ ಮೀನಿನ ನಡುವಿನ ತುಂಡನ್ನು ಮಗನಿಗಿಂತ ಮೊದಲು ಇವರ ತಟ್ಟೆಗೆ ಹಾಕುತ್ತಿದ್ದರು. ಕೊನೆಗೆ ಇವರು ಕೊಟ್ಟ ಮಾಹಿತಿಯ ಮೇಲೆ ಪೊಲೀಸರು ಬಂದರು. ಯಾರಿಗೂ ಅನುಮಾನ ಬರಬಾರದು ಅಂತ ಇವರನ್ನೂ ಹಿಡಿದ ಹಾಗೆ ಮಾಡಿ ಒಂದು ದಿನ ಠಾಣೆಯಲ್ಲಿ ಕೂರಿಸಿದರು. ಮಧ್ಯಾಹ್ನ ಆ ತಾಯಿ ಠಾಣೆಯ ಬಾಗಿಲಿಗೆ ಬಂದರು. ಅವರ ಕೈಯಲ್ಲಿ ಎರಡು ಬುತ್ತಿ ಇತ್ತು.

"ಒಂದು ನನಗೆ. ಉಂಡೆ ಡಾಕ್ಟ್ರೇ. ಹಸಿವಾಗಿತ್ತು."

ಇಷ್ಟು ಹೇಳಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಮ್ಮಲ್ಲಿ ಮಕ್ಕಳಿಗೂ ಹೇಳಿಕೊಟ್ಟಿರುತ್ತೇವೆ, ಅಲ್ವಾ? ಇವರಿಗೆ ಉಂಡ ಮನೆಯೇ ಎರಡಾಗಿತ್ತು. ಸರಕಾರದ ಸಂಬಳ ಒಂದು ಕಡೆ, ಆ ತಾಯಿಯ ಅನ್ನ ಇನ್ನೊಂದು ಕಡೆ.

ಇಂಥವರ ಬಗ್ಗೆ ಜನ ಎರಡೇ ಮಾತು ಆಡುತ್ತಾರೆ. ಒಂದೋ ಹೀರೋ, ಇಲ್ಲವೇ ದ್ರೋಹಿ. ನನ್ನ ಅನುಭವದಲ್ಲಿ ಅವರಿಗೆ ಇರುವುದು ಶೋಕ. ಸತ್ತವರಿಗಾಗಿ, ಕಳೆದುಹೋದವರಿಗಾಗಿ ನಮ್ಮೆಲ್ಲರಿಗೂ ಬರುವಂಥದ್ದೇ ಶೋಕ. ಆದರೆ ಅದನ್ನು ಅಳಲು ಅವರಿಗೆ ಜಾಗ ಇಲ್ಲ. ಇಲಾಖೆಯಲ್ಲಿ ಅತ್ತರೆ "ಇವನು ಆ ಕಡೆಗೆ ವಾಲಿದ್ದಾನೆ" ಅನ್ನುತ್ತಾರೆ. ಮನೆಯಲ್ಲಿ ಹೇಳುವ ಹಾಗಿಲ್ಲ. ಆ ಹುಡುಗನ ಮನೆಗಂತೂ ಹೋಗುವ ಹಾಗೇ ಇಲ್ಲ.

ಕೆಲವರು ಇದನ್ನು ಸ್ಟಾಕ್‌ಹೋಮ್ ಸಿಂಡ್ರೋಮ್ ಅಂತ ಕರೆದುಬಿಡುತ್ತಾರೆ. ಅದು ಸರಿಯಲ್ಲ. ಆ ಹೆಸರು ಬಂದದ್ದು 1973ರಲ್ಲಿ ಸ್ಟಾಕ್‌ಹೋಮಿನ ಒಂದು ಬ್ಯಾಂಕಿನಲ್ಲಿ ನಾಲ್ವರು ನೌಕರರು ಆರು ದಿನ ಒತ್ತೆಯಲ್ಲಿದ್ದಾಗ. ಅಲ್ಲಿ ಜೀವ ಇನ್ನೊಬ್ಬನ ಕೈಯಲ್ಲಿತ್ತು. ಮಫ್ತಿಯಲ್ಲಿ ಹೋದವನ ಸ್ಥಿತಿ ಇದಕ್ಕೆ ತಿರುಗುಮುರುಗು. ಅವನಿಗೂ ಪ್ರಾಣಭಯ ಉಂಟು, ನಿಜ. ಆದರೆ ಎದುರಿಗೆ ಕೂತು ನಗುತ್ತಿರುವ ಹುಡುಗನ ಹತ್ತು ವರ್ಷದ ಬದುಕು ತನ್ನ ಒಂದು ಫೋನಿನಲ್ಲಿದೆ ಅಂತ ಅವನಿಗೆ ದಿನವೂ ಗೊತ್ತಿರುತ್ತದೆ. ಒತ್ತೆಯಾಳಿಗೆ ಈ ಭಾರ ಇರುವುದಿಲ್ಲ.

ಹಾಗಾದರೆ ಮನಸ್ಸು ಆ ಕಡೆಗೆ ಜಾರುವುದು ಹೇಗೆ? ಇದಕ್ಕೆ ನಾನು ಯಾವಾಗಲೂ ಒಂದು ಹಳೇ ಪ್ರಯೋಗದ ಕತೆ ಹೇಳುತ್ತೇನೆ. ಅಮೆರಿಕದ ಲಿಯಾನ್ ಫೆಸ್ಟಿಂಜರ್ ಮತ್ತು ಜೇಮ್ಸ್ ಕಾರ್ಲ್‌ಸ್ಮಿತ್ ಅದನ್ನು 1959ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಕೂರಿಸಿ, ಹಲಗೆಯ ಮೇಲಿನ ಗೂಟಗಳನ್ನು ಕಾಲು ಸುತ್ತು ತಿರುಗಿಸುವಂಥ ಬೇಜಾರಿನ ಕೆಲಸವನ್ನು ಒಂದು ಗಂಟೆ ಮಾಡಿಸಿದರು. ಆಮೇಲೆ "ಹೊರಗೆ ಕಾಯುತ್ತಿರುವವರಿಗೆ ಇದು ತುಂಬಾ ಚೆನ್ನಾಗಿತ್ತು ಅಂತ ಹೇಳು" ಅಂದರು. ಆ ಸುಳ್ಳಿಗೆ ಕೆಲವರಿಗೆ 20 ಡಾಲರ್, ಕೆಲವರಿಗೆ ಒಂದೇ ಡಾಲರ್. ಕೊನೆಗೆ "ನಿಜವಾಗಿ ನಿನಗೆ ಹೇಗನ್ನಿಸಿತು?" ಅಂತ ಕೇಳಿದಾಗ ಒಂದು ಡಾಲರ್ ಪಡೆದವರೇ "ಪರವಾಗಿಲ್ಲ, ಚೆನ್ನಾಗಿತ್ತು" ಅಂದರು. 20 ಡಾಲರಿನವನಿಗೆ ಸುಳ್ಳು ಹೇಳಿದ್ದಕ್ಕೆ ಕಾರಣ ಕೈಯಲ್ಲೇ ಇತ್ತು. ಒಂದು ಡಾಲರಿನವನು ತನ್ನೊಳಗೇ ಕಾರಣ ಹುಡುಕಬೇಕಾಯಿತು. ತನ್ನ ಸುಳ್ಳನ್ನು ತಾನೇ ಸ್ವಲ್ಪ ನಂಬಿದ.

ಮಾರುವೇಷದ ಕೆಲಸಕ್ಕೆ ಇದನ್ನು ಹೊಂದಿಸಿ ನೋಡಿ. ಮೊದಲ ತಿಂಗಳುಗಳಲ್ಲಿ ಕಾರಣ ಗಟ್ಟಿಯಾಗಿರುತ್ತದೆ. ದೇಶ, ಡ್ಯೂಟಿ, ಬೆನ್ನಿಗೆ ನಿಂತ ಮೇಲಧಿಕಾರಿ. ವರ್ಷ ಕಳೆದ ಹಾಗೆ ಅಧಿಕಾರಿಗೆ ವರ್ಗ ಆಗುತ್ತದೆ. ಹೊಸಬರು ಫೋನ್ ಎತ್ತುವುದು ಕಡಿಮೆ. ಕಳಿಸಿದ ವರದಿಗೆ ಉತ್ತರ ಬರುವುದಿಲ್ಲ. ಈ ಕಡೆ ಗುಂಪಿನವರು ಹುಟ್ಟುಹಬ್ಬ ನೆನಪಿಟ್ಟುಕೊಳ್ಳುತ್ತಾರೆ, ಜ್ವರ ಬಂದರೆ ಗಂಜಿ ಕೊಡುತ್ತಾರೆ. ಇಪ್ಪತ್ತು ಡಾಲರ್ ನಿಧಾನವಾಗಿ ಒಂದು ಡಾಲರ್ ಆಗುತ್ತದೆ. ದಿನಾ ಆಡುವ ಘೋಷಣೆಗೆ ಈಗ ಮನಸ್ಸು ಒಳಗಿಂದಲೇ ಕಾರಣ ಹುಡುಕುತ್ತದೆ. ಸಿದ್ಧಾಂತ ಪೂರ್ತಿ ಒಪ್ಪಿಗೆಯಾಗದಿದ್ದರೂ "ಇವರು ಹೇಳೋದರಲ್ಲೂ ಸ್ವಲ್ಪ ಸತ್ಯ ಉಂಟು" ಅನ್ನುವಷ್ಟು ದೂರ ಬಂದಿರುತ್ತಾನೆ. ಹಾಗಾಗಿ ನಿಷ್ಠೆ ಒಡೆಯುವುದರಲ್ಲಿ ಗುಂಪಿನ ಪ್ರಚಾರದಷ್ಟೇ ಪಾಲು ಇಲಾಖೆಯ ಮೌನಕ್ಕೂ ಇದೆ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಒಳಗೆ ಇನ್ನೂ ದೊಡ್ಡ ಇಕ್ಕಟ್ಟುಗಳು ಉಂಟು. ನಂಬಿಕೆ ಉಳಿಸಿಕೊಳ್ಳಬೇಕಾದರೆ ಜೊತೆಗೆ ಹೋಗಲೇಬೇಕು. 1965ರ ಮಾರ್ಚ್ 25ರಂದು ಅಮೆರಿಕದ ಅಲಬಾಮಾದಲ್ಲಿ ಕರಿಯರ ಮತದಾನದ ಹಕ್ಕಿನ ಹೋರಾಟಕ್ಕೆ ನೆರವಾಗಲು ಬಂದಿದ್ದ ವಯೋಲಾ ಲಿಯುಝೊ ಅವರನ್ನು ಬಿಳಿಯರೇ ಮೇಲು ಅನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನವರು ಕಾರಿನಿಂದ ಗುಂಡು ಹಾರಿಸಿ ಕೊಂದರು. ಆ ಕಾರಿನಲ್ಲಿದ್ದ ನಾಲ್ವರಲ್ಲಿ ಒಬ್ಬ, ಗ್ಯಾರಿ ರೋ, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ಮಾಹಿತಿ ಕೊಡುತ್ತಿದ್ದವ. ಅಪರಾಧ ತಡೆಯಲೆಂದು ಒಳಗಿಟ್ಟ ಮನುಷ್ಯ ಅಪರಾಧ ನಡೆಯುವಾಗ ಸೀಟಿನಲ್ಲಿ ಕೂತಿದ್ದ. ಬ್ರಿಟನ್ ಇಂಥ ಪ್ರಸಂಗಗಳಲ್ಲಿ ಅನುಮತಿ ಕೊಡಲು 2021ರಲ್ಲಿ ಪ್ರತ್ಯೇಕ ಕಾನೂನು ಮಾಡಿತು. ಕಾನೂನಿನ ಲೆಕ್ಕ ವಕೀಲರಿಗೆ ಬಿಡುತ್ತೇನೆ. ಆದರೆ ಕಾಗದದಲ್ಲಿ ಅನುಮತಿ ಸಿಕ್ಕಿತು ಅಂತ ರಾತ್ರಿ ನಿದ್ದೆ ಬರುವುದಿಲ್ಲ. ಅದು ನನಗೆ ಗೊತ್ತು.

ಈ ಶೋಕ ಉಗ್ರವಾದಿ ಗುಂಪಿನೊಳಗೆ ಹೋದವರಿಗೆ ಮಾತ್ರ ಬರುವಂಥದ್ದೂ ಅಲ್ಲ. ಜೋಸೆಫ್ ಪಿಸ್ಟೋನ್ ಎಂಬ ಎಫ್‌ಬಿಐ ಅಧಿಕಾರಿ 1976ರಿಂದ 1981ರವರೆಗೆ ನ್ಯೂಯಾರ್ಕಿನ ಮಾಫಿಯಾದೊಳಗಿದ್ದರು. ಅವರು ಹೊರಗೆ ಬಂದ ಕೆಲವೇ ವಾರಗಳಲ್ಲಿ, ಅವರನ್ನು ನಂಬಿ ಒಳಗೆ ಬಿಟ್ಟುಕೊಂಡಿದ್ದ ಡೊಮಿನಿಕ್ ನೆಪೊಲಿಟಾನೊನನ್ನು ಅವನ ಕಡೆಯವರೇ ಕೊಂದರು. ಕೊಲೆಗಾರರ ಗುಂಪಿನವನೇ ಅವನು. ಆದರೂ ವರ್ಷಗಟ್ಟಲೆ ಒಟ್ಟಿಗೆ ಉಂಡವನ ಸಾವು ಅದು. "ಅವನು ಕೆಟ್ಟವ, ನಿನಗ್ಯಾಕೆ ದುಃಖ?" ಅಂತ ಕೇಳುವುದು ಸುಲಭ. ಮನಸ್ಸು ಒಳ್ಳೆಯವರನ್ನು ಮಾತ್ರ ಹಚ್ಚಿಕೊಳ್ಳುವುದಿಲ್ಲ.

ಇನ್ನೊಂದು ಕಡೆಯ ನೋವನ್ನೂ ಹೇಳಲೇಬೇಕು. ಬ್ರಿಟನ್ನಿನ ಮಾರ್ಕ್ ಕೆನಡಿ ಎಂಬ ಪೊಲೀಸ್ 2003ರಿಂದ ಸುಮಾರು ಏಳು ವರ್ಷ ಪರಿಸರ ಹೋರಾಟಗಾರರ ನಡುವೆ ಸುಳ್ಳು ಹೆಸರಿನಲ್ಲಿದ್ದ. ಅಲ್ಲಿನ ಹೆಂಗಸರ ಜೊತೆ ಸಂಬಂಧವನ್ನೂ ಬೆಳೆಸಿದ. ಅವರಲ್ಲೊಬ್ಬರು ಹೂಡಿದ ದಾವೆಯಲ್ಲಿ, ಪೊಲೀಸರು ಮಾನವ ಹಕ್ಕು ಉಲ್ಲಂಘಿಸಿದ್ದಾರೆ ಅಂತ 2021ರಲ್ಲಿ ಅಲ್ಲಿನ ಟ್ರಿಬ್ಯೂನಲ್ ಹೇಳಿತು. ಅವರು ಉಗ್ರವಾದಿಗಳೂ ಆಗಿರಲಿಲ್ಲ. ಪ್ರೀತಿಸಿದ ಮನುಷ್ಯನೇ ಇರಲಿಲ್ಲ ಅಂತ ಒಂದು ದಿನ ಗೊತ್ತಾದರೆ ಏನಾಗಬೇಡ? ನನ್ನ ರೋಗಿಯ ದುಃಖಕ್ಕೆ ನಾನು ಎಷ್ಟು ಮರುಗಿದರೂ, ಎರಡು ಬುತ್ತಿ ಹೊತ್ತು ತಂದ ಆ ತಾಯಿಯ ದುಃಖ ಅದಕ್ಕಿಂತ ಸಣ್ಣದು ಅಂತ ನನ್ನ ಬಾಯಲ್ಲಿ ಬರುವುದಿಲ್ಲ.

ಇದೆಲ್ಲ ದೂರದ ದೇಶಗಳ ಕತೆ ಅನ್ನಿಸಬಹುದು. ನಮ್ಮ ಉಡುಪಿ ಜಿಲ್ಲೆಯ ಘಟ್ಟದ ಬುಡದ ಊರುಗಳನ್ನು ಕೇಳಿ. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಎನ್‌ಕೌಂಟರ್ ಆಯಿತು. ಆಮೇಲೆ ನಕ್ಸಲ್ ನಿಗ್ರಹ ಪಡೆ ಬಂತು, ಕಾರ್ಕಳವೇ ಅದರ ಕೇಂದ್ರವಾಯಿತು. 2024ರ ನವೆಂಬರಿನಲ್ಲಿ ಹೆಬ್ರಿ ತಾಲೂಕಿನ ಕಬ್ಬಿನಾಲೆಯ ಹತ್ತಿರ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರಿನಲ್ಲಿ ಸತ್ತರು. 2025ರ ಜನವರಿಯಲ್ಲಿ ಆರು ಜನ ನಕ್ಸಲರು ಮುಖ್ಯಮಂತ್ರಿಗಳ ಮುಂದೆ ಶರಣಾದರು. ಈ ಇಪ್ಪತ್ತು ವರ್ಷ ಕಾಡಂಚಿನ ಮನೆಗಳು ಬದುಕಿದ್ದು ಹೇಗೆ? ರಾತ್ರಿ ಬಂದೂಕು ಹೊತ್ತವರು ಬಾಗಿಲು ತಟ್ಟಿ ಅಕ್ಕಿ ಕೇಳಿದರೆ ಕೊಡಬೇಕು. ಬೆಳಗ್ಗೆ ಪೊಲೀಸರು ಬಂದು ಯಾರು ಬಂದಿದ್ದರು ಅಂತ ಕೇಳಿದರೆ ಉತ್ತರ ಕೊಡಬೇಕು. ಮಾಹಿತಿ ಕೊಟ್ಟರೆಂಬ ಅನುಮಾನಕ್ಕೇ ಜೀವ ಹೋದದ್ದುಂಟು. ಅವರು ಯಾವ ತರಬೇತಿಯೂ ಇಲ್ಲದೆ, ಸಂಬಳವೂ ಇಲ್ಲದೆ ಎರಡು ಮುಖ ಹೊತ್ತವರು. ಆ ಕಡೆಯಿಂದ ನಿದ್ದೆ ಬರುವುದಿಲ್ಲ ಅಂತ ಬಂದವರನ್ನು ಕಂಡಿದ್ದೇನೆ. ಇಪ್ಪತ್ತು ವರ್ಷದ ಮೇಲೂ ನಾಯಿ ಬೊಗಳಿದರೆ ಎದ್ದು ಕೂರುತ್ತಾರೆ.

ಚಿಕಿತ್ಸೆ ಅಂದರೆ ನಾವು ಮೊದಲು ಸರಿ ಮಾಡುವುದು ನಿದ್ದೆಯನ್ನು. ಕುಡಿತ ಇದ್ದರೆ ಅದನ್ನು ಬಿಡಿಸುವುದು. ಅದಾದ ಮೇಲೆ ಕತೆ ಹೇಳಿಸುವುದು, ನಿಧಾನವಾಗಿ, ಒಂದೇ ಘಟನೆಯನ್ನು ಮತ್ತೆ ಮತ್ತೆ. ಇವರ ವಿಷಯದಲ್ಲಿ ನಾನು ಕಲಿತದ್ದೊಂದುಂಟು. "ನೀವು ಕರ್ತವ್ಯ ಮಾಡಿದ್ದೀರಿ, ಬೇಜಾರು ಮಾಡಬೇಡಿ" ಅಂತ ಮೊದಲೆರಡು ಸಲ ನಾನೂ ಹೇಳಿದೆ. ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಅವರು ಇನ್ನಷ್ಟು ಮುಚ್ಚಿಕೊಂಡರು. ಆ ಮಾತನ್ನು ಇಲಾಖೆಯಲ್ಲಿ ಎಲ್ಲರೂ ಹೇಳಿ ಆಗಿತ್ತಲ್ಲ. ಮೂರನೇ ಸಲ "ಆ ಹುಡುಗ ಹೇಗಿದ್ದ?" ಅಂತ ಕೇಳಿದೆ. ಆ ದಿನ ಮೊದಲ ಸಲ ಅತ್ತರು.

ಹುಡುಗ ಬಾಂಬಿನ ಸಾಮಾನು ಕೂಡಿಡುತ್ತಿದ್ದದ್ದು ನಿಜ. ಇವರು ಮಾಹಿತಿ ಕೊಡದಿದ್ದರೆ ಯಾರದೋ ಮನೆಯಲ್ಲಿ ಹೆಣ ಬೀಳುತ್ತಿತ್ತು. ಅವನು ಇವರ ಹಣೆಗೆ ಒದ್ದೆ ಬಟ್ಟೆ ಇಟ್ಟದ್ದೂ ಅಷ್ಟೇ ನಿಜ. ಎರಡನ್ನೂ ಒಂದೇ ಉಸಿರಲ್ಲಿ ಹೇಳಲು ಅವರಿಗೆ ಎಂಟು ತಿಂಗಳು ಬೇಕಾಯಿತು.

ಇಂಥ ಕೆಲಸಕ್ಕೆ ಜನರನ್ನು ಕಳಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಎಷ್ಟು ತಿಂಗಳು ಅಂತ ಮೊದಲೇ ನಿಗದಿ ಮಾಡಿ. ಮಾಹಿತಿ ಕೇಳುವ ಅಧಿಕಾರಿ ಬೇರೆ ಇರಲಿ, ಮನಸ್ಸು ವಿಚಾರಿಸುವವರು ಬೇರೆ ಇರಲಿ. ಒಬ್ಬರೇ ಎರಡೂ ಮಾಡಲು ಆಗುವುದಿಲ್ಲ, ಯಾಕೆಂದರೆ ಮನಸ್ಸು ಸಡಿಲಾಗಿದೆ ಅಂತ ಒಪ್ಪಿಕೊಂಡರೆ ಕೆಲಸ ಹೋಗುತ್ತದೆ ಅಂತ ಒಳಗಿರುವವ ಬಾಯಿ ಬಿಡುವುದಿಲ್ಲ. ವಾಪಸ್ ಬಂದವರಿಗೆ ಮರುದಿನವೇ ಬಂದೋಬಸ್ತಿನ ಡ್ಯೂಟಿ ಹಾಕಬೇಡಿ. ಮನೆಯವರಿಗೆ ಕೂಡಲೇ ಯಾರನ್ನು ಕೇಳುವುದು ಅಂತ ಗೊತ್ತಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇವರ ಹೆಂಡತಿ ಒಂದು ದಿನ ಒಬ್ಬರೇ ಒಳಗೆ ಬಂದು ಕೇಳಿದರು, "ನಾನು ಎಂತ ಕೇಳ್ಬೇಕು ಡಾಕ್ಟ್ರೇ? ಏನು ಕೇಳಿದ್ರೂ ಸಿಟ್ಟು ಮಾಡ್ತಾರೆ." ಏನಾಯಿತು, ಎಲ್ಲಿ, ಯಾರು ಅಂತ ಕೇಳಬೇಡಿ ಅಂದೆ. ಆ ಅಮ್ಮ ಅಡಿಗೆ ಹೇಗೆ ಮಾಡುತ್ತಿದ್ದರು ಅಂತ ಕೇಳಿ ನೋಡಿ.

ಮುಂದಿನ ಸಲ ಬಂದಾಗ ಹೇಳಿದರು. ಕೇಳಿದರಂತೆ. ಪುಳಿಗೆ ಆ ಅಮ್ಮ ಹುಣಸೆ ಹಾಕುತ್ತಿರಲಿಲ್ಲ, ಪುನರ್ಪುಳಿ ಸಿಪ್ಪೆ ಹಾಕುತ್ತಿದ್ದರು ಅಂತ ಶುರು ಮಾಡಿದವರು ರಾತ್ರಿ ಎರಡು ಗಂಟೆಯವರೆಗೆ ಮಾತಾಡಿದರಂತೆ.