ಬೆನ್ಯಾಮೀನ: ಬಲಗೈಯ ಮಗನೋ, ತೆಂಕಣದವನೋ?

ಹೆರಿಗೆ ನೋವಿನಲ್ಲೇ ರಾಹೇಲಳ ಪ್ರಾಣ ಹೋಯಿತು. ಹೋಗುವ ಮುಂಚೆ ಕೂಸಿಗೆ ಬೆನೋನಿ ಎಂದು ಹೆಸರಿಟ್ಟಳು. 'ನನ್ನ ದುಃಖದ ಮಗ' ಎಂದರ್ಥ. ಅಂಥ ಹೆಸರು ಹೊತ್ತು ಮಗು ಬೆಳೆಯುವುದು ಹೇಗೆ? ತಂದೆ ಯಾಕೋಬ ಬೆನ್ಯಾಮೀನ ಎಂದು ಕರೆದ. ಇಸ್ರಾಯೇಲಿನ ಹನ್ನೆರಡು ಕುಲಗಳಲ್ಲಿ ಒಂದರ ಹೆಸರಿಗೆ ಬೈಬಲಿನ ಆದಿಕಾಂಡ ಕೊಡುವ ಕಥೆ ಇದು.

ಹೀಬ್ರೂ ಭಾಷೆಯಲ್ಲಿ 'ಬೆನ್' ಅಂದರೆ ಮಗ, 'ಯಾಮೀನ್' ಅಂದರೆ ಬಲಗೈ. ದುಃಖ ಹೋಗಿ ಬಲ ಬಂತು, ಅಲ್ವಾ? ಇಸ್ರಾಯೇಲಿನ ಹಳೇ ಪಂಗಡವಾದ ಸಮಾರ್ಯದವರು ಉಳಿಸಿಕೊಂಡ ಗ್ರಂಥದ ಪ್ರತಿಯಲ್ಲಿ ಮಾತ್ರ ಹೆಸರಿನ ಕೊನೆ ಅಕ್ಷರ ಬೇರೆ. ಅಲ್ಲಿ ಅವನು 'ದಿನಗಳ ಮಗ', ಅಂದರೆ ಮುಪ್ಪಿನಲ್ಲಿ ಹುಟ್ಟಿದವನು.

ಆದರೆ ಯಾಮೀನ್‌ಗೆ ದಕ್ಷಿಣ ಎಂಬ ಅರ್ಥವೂ ಇದೆ. ಇದನ್ನು ನಮಗೆ ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಮೂಡಣಕ್ಕೆ ಮುಖ ಮಾಡಿ ನಿಂತರೆ ಬಲಗೈ ಕಡೆ ತೆಂಕಣ. ಸಂಸ್ಕೃತದ 'ದಕ್ಷಿಣ'ಕ್ಕೂ ಇವೆರಡೂ ಅರ್ಥ ಇವೆ. ಪ್ರದಕ್ಷಿಣೆ ಹಾಕುವಾಗ ದೇವರು ನಮ್ಮ ಬಲಕ್ಕೇ ಇರುತ್ತಾನೆ.

ಈಗ ನಕ್ಷೆ ನೋಡಿ. ಎಫ್ರಾಯೀಮ್ ಕುಲದ ಗುಡ್ಡಗಾಡಿಗೆ ನೇರ ದಕ್ಷಿಣಕ್ಕೆ ಬೆನ್ಯಾಮೀನರ ನೆಲ. ಹಾಗಾಗಿ 'ತೆಂಕಣದವರು' ಎಂದು ನೆರೆಯವರು ಕರೆದದ್ದೇ ಕುಲದ ಹೆಸರಾಯಿತು, ಕೂಸಿನ ಕಥೆ ಆಮೇಲೆ ಬಂತು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ನನಗೂ ಇದೇ ಸರಿ ಅನ್ನಿಸುತ್ತದೆ.

1933ರಲ್ಲಿ ಇದಕ್ಕೆ ಹೊಸ ತಿರುವು ಸಿಕ್ಕಿತು. ಸಿರಿಯಾದಲ್ಲಿ ಯೂಫ್ರೆಟಿಸ್ ದಡದ ಮಾರಿ ಎಂಬ ಹಳೇ ಪಟ್ಟಣವನ್ನು ಫ್ರಾನ್ಸಿನ ಪುರಾತತ್ವಜ್ಞ ಆಂದ್ರೆ ಪಾರೋ ಅಗೆಯತೊಡಗಿದರು. ಮುಂದೆ ಅಲ್ಲಿ ಸಿಕ್ಕ ಮಣ್ಣಿನ ಹಲಗೆಗಳು 20,000ಕ್ಕೂ ಹೆಚ್ಚು. ಬಹುಪಾಲು ಕ್ರಿ.ಪೂ. 18ನೇ ಶತಮಾನದವು. ಅವುಗಳಲ್ಲಿ ಕುರಿ ಕಾಯುವ ಎರಡು ದೊಡ್ಡ ಪಂಗಡಗಳ ಮಾತು ಬರುತ್ತದೆ. ಒಂದು 'ಬಲದ ಮಕ್ಕಳು', ಇನ್ನೊಂದು 'ಎಡದ ಮಕ್ಕಳು'. ಅಂದರೆ ದಕ್ಷಿಣದವರು, ಉತ್ತರದವರು.

ಇವರೇ ಬೈಬಲಿನ ಬೆನ್ಯಾಮೀನರು ಎಂದು ಕೆಲವರು ಸಂಭ್ರಮಪಟ್ಟರು. ಅದು ಸ್ವಲ್ಪ ಅವಸರವೇ. ಊರು ದೂರ, ಕಾಲವೂ ನೂರಾರು ವರ್ಷ ಹಿಂದಿನದು. ಮೇಲಾಗಿ 'ಮಕ್ಕಳು' ಎಂಬುದಕ್ಕೆ ಬರೆದದ್ದು ಸುಮೇರಿಯನ್ ಎಂಬ ಬೇರೆ ಹಳೇ ಭಾಷೆಯ ಚಿಹ್ನೆ. ಅದನ್ನು ಬಾಯಲ್ಲಿ 'ಬಿನೂ' ಎಂದರೋ 'ಮಾರೂ' ಎಂದರೋ ಎಂಬ ಚರ್ಚೆ ಬಹಳ ಕಾಲ ನಡೆಯಿತು. 'ಬಿನೂ' ಆದರೆ ಮಾತ್ರ ಅದು ಹೀಬ್ರೂವಿನ 'ಬೆನ್'ಗೆ ಹತ್ತಿರ. ದಿಕ್ಕಿನಿಂದ ಜನರನ್ನು ಕರೆಯುವ ರೂಢಿ ಆ ಸೀಮೆಯಲ್ಲಿ ಹಳೆಯದು ಎಂಬುದಕ್ಕಂತೂ ಈ ಹಲಗೆಗಳು ಸಾಕ್ಷಿ.

ತಮಾಷೆಯೆಂದರೆ, ಬೈಬಲಿನಲ್ಲಿ ಈ 'ಬಲಗೈಯ ಮಕ್ಕಳು' ಎಡಚರೆಂದೇ ಹೆಸರುವಾಸಿ. ಏಹೂದ ಎಂಬ ಎಡಚ ಬಲತೊಡೆಗೆ ಕತ್ತಿ ಕಟ್ಟಿಕೊಂಡು ಹೋಗಿ ಮೋವಾಬಿನ ರಾಜನನ್ನು ಕೊಂದ. ಅವನೂ ಬೆನ್ಯಾಮೀನ ಕುಲದವನೇ. ಇನ್ನೊಂದು ಯುದ್ಧದಲ್ಲಿ ಈ ಕುಲದ ಕಡೆ 700 ಎಡಚರಿದ್ದರಂತೆ. ಕೂದಲೆಳೆಗೆ ಕವಣೆ ಬೀಸಿದರೂ ಅವರ ಗುರಿ ತಪ್ಪುತ್ತಿರಲಿಲ್ಲವಂತೆ.